ಗುರುವಾರದವನ ಬೆನ್ನು ಹತ್ತಿ ನಾಲ್ಕು ದಿನ

ಗುರುವಾರ

ನಾವು ಇಳಿಯಬೇಕಿದ್ದ ಸ್ಟೇಷನ್ನು ಕಿಟಕಿಯಾಚೆ ಬಂತು, ಹಾಗೇ ಹೋಯಿತು. ನಾನು ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಟರ್ನ್‌ಹ್ಯಾಮ್ ಗ್ರೀನ್ ಅನ್ನುವ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಪ್ಲಾಟ್‌ಫಾರಂ ಮುಗಿದಿತ್ತು. ಅಕ್ಕನ ಮಗ ಹಣೆ ಚಚ್ಚಿಕೊಂಡ.

“ಅಯ್ಯೋ ಮಾವ, ಮರೆತೇಬಿಟ್ಟೆ. ಪಿಕಡಿಲಿ ಲೈನ್ ಹಗಲು ಹೊತ್ತು ಇಲ್ಲಿ ನಿಲ್ಲಲ್ಲ.”

ಇವನು ಲಂಡನ್ನಿನ ಹೌನ್‌ಸ್ಲೋದಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ. ಬೆಳಗ್ಗೆ ತೀರಾ ಬೇಗ, ಇಲ್ಲಾ ರಾತ್ರಿ ತಡವಾಗಿ ಬಂದರೆ ಮಾತ್ರ ಆ ರೈಲು ಅಲ್ಲಿ ನಿಲ್ಲುತ್ತದಂತೆ. ಉಳಿದ ಹೊತ್ತಿನಲ್ಲಿ ಆ್ಯಕ್ಟನ್ ಟೌನಿನಲ್ಲೇ ಇಳಿದು ಡಿಸ್ಟ್ರಿಕ್ಟ್ ಲೈನ್ ಹಿಡಿಯಬೇಕು. ಆ ಕಡೆಯಿಂದ ಬರುವವರು ಇದೊಂದು ನೆನಪಿಟ್ಟುಕೊಳ್ಳಿ. ನಾವು ಹ್ಯಾಮರ್‌ಸ್ಮಿತ್‌ವರೆಗೆ ಹೋಗಿ ವಾಪಸ್ ಬಂದೆವು.

ಸಿಟ್ಟು ಬರಬೇಕಿತ್ತು, ನಗು ಬಂತು. ಬ್ಯಾಗಿನಲ್ಲಿದ್ದ ಪುಸ್ತಕ ಶುರುವಾಗುವುದೇ ಇದೇ ಜಗಳದಿಂದ. ಇಂಗ್ಲಿಷ್ ಲೇಖಕ ಜಿ. ಕೆ. ಚೆಸ್ಟರ್‌ಟನ್ 1908ರಲ್ಲಿ ಪ್ರಕಟಿಸಿದ ಕಾದಂಬರಿ ‘ದಿ ಮ್ಯಾನ್ ಹೂ ವಾಸ್ ಥರ್ಸ್‌ಡೇ’. ಮೊದಲ ಅಧ್ಯಾಯದಲ್ಲಿ ಇಬ್ಬರು ಕವಿಗಳು ಒಂದು ತೋಟದಲ್ಲಿ ವಾದಕ್ಕೆ ಬೀಳುತ್ತಾರೆ. ಕೆಂಪು ಕೂದಲಿನ ಗ್ರೆಗರಿ ಅರಾಜಕತೆಯ ಕವಿ. ರೈಲಿನಲ್ಲಿ ಹೋಗುವ ಗುಮಾಸ್ತರ ಮುಖ ಯಾಕೆ ಅಷ್ಟು ಬಾಡಿರುತ್ತೆ ಅಂದರೆ, ಸ್ಲೋನ್ ಸ್ಕ್ವೇರ್ ಆದಮೇಲೆ ವಿಕ್ಟೋರಿಯಾನೇ ಬರುತ್ತೆ ಅಂತ ಅವರಿಗೆ ಗೊತ್ತು, ಅದಕ್ಕೇ ಅನ್ನುತ್ತಾನೆ. ಅಲ್ಲಿ ಬೇಕರ್ ಸ್ಟ್ರೀಟ್ ಬಂದುಬಿಟ್ಟರೆ ಅವರ ಕಣ್ಣು ನಕ್ಷತ್ರದ ಹಾಗೆ ಹೊಳೆಯುತ್ತಂತೆ. ಸೈಮ್ ಅನ್ನುವ ಇನ್ನೊಬ್ಬ ಇದನ್ನು ಒಪ್ಪುವುದಿಲ್ಲ. ಗುರಿ ತಪ್ಪುವುದು ಯಾರಿಗಾದರೂ ಬರುತ್ತೆ, ಹೋಗಬೇಕಾದ ಜಾಗಕ್ಕೇ ಹೋಗಿ ಮುಟ್ಟುವುದು ಪವಾಡ, ನನಗೆ ರೈಲಿನ ವೇಳಾಪಟ್ಟಿಯೇ ಕಾವ್ಯ ಅನ್ನುವುದು ಅವನ ಪಟ್ಟು.

ನಮ್ಮ ರೈಲು ನಿಜವಾಗಿಯೂ ಸ್ಟೇಷನ್ ಹಾರಿಸಿತ್ತು. ನಮ್ಮಿಬ್ಬರ ಕಣ್ಣೂ ಹೊಳೆಯಲಿಲ್ಲ. ಒಂದು ಅಂಕ ಸೈಮ್‌ಗೆ.

ಈ ಪುಸ್ತಕ ನನಗೆ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ. ಬ್ಯಾಂಕ್ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಪತ್ತೇದಾರಿ ಕಾದಂಬರಿ ಅಂತ ತಂದೆ, ಅದು ಪತ್ತೇದಾರಿ ಹೌದು, ಕೆಟ್ಟ ಕನಸೂ ಹೌದು. ಸೈಮ್ ನಿಜವಾಗಿ ಗುಪ್ತ ಪೊಲೀಸ್. ಬಾಂಬು ಎಸೆಯುವವರ ರಹಸ್ಯ ಮಂಡಳಿಯೊಳಗೆ ನುಸುಳುತ್ತಾನೆ. ಅಲ್ಲಿ ಏಳು ಜನ, ಒಬ್ಬೊಬ್ಬನಿಗೆ ಒಂದೊಂದು ವಾರದ ಹೆಸರು. ಇವನಿಗೆ ಗುರುವಾರ ಸಿಗುತ್ತದೆ. ಅಧ್ಯಕ್ಷನ ಹೆಸರು ಭಾನುವಾರ. ಮುಂದಿನದು ಹೇಳಲ್ಲ. ರಿಟೈರ್ ಆದಮೇಲೆ ಲಂಡನ್ನಿಗೆ ಹೋದರೆ ಅರಮನೆ ಗಿರಮನೆ ಬೇಡ, ಈ ಪುಸ್ತಕದ ದಾರಿಯಲ್ಲಿ ಓಡಾಡಬೇಕು ಅಂತ ಆಗಲೇ ಅಂದುಕೊಂಡಿದ್ದೆ. ಮೇ ಮೊದಲ ವಾರ ಅದು ಕೂಡಿಬಂತು. ಗುರುವಾರವೇ ಶುರು ಮಾಡೋಣ ಅಂದೆ. ಅಕ್ಕನ ಮಗ ರಜಾ ಹಾಕಿದ.

ಕಾದಂಬರಿಯ ಸ್ಯಾಫ್ರನ್ ಪಾರ್ಕ್ ಅಂದರೆ ನಿಜದ ಬೆಡ್‌ಫರ್ಡ್ ಪಾರ್ಕ್. ಟರ್ನ್‌ಹ್ಯಾಮ್ ಗ್ರೀನ್ ಸ್ಟೇಷನ್ನಿನಿಂದ ಹೊರಬಂದರೆ ನಾಲ್ಕು ಹೆಜ್ಜೆ. ಬಾತ್ ರೋಡ್ ಮೂಲೆಯಲ್ಲಿ ಒಂದು ಕಡೆ ಹಳೇ ಟ್ಯಾಬರ್ಡ್ ಪಬ್, ಎದುರಿಗೆ ಸೇಂಟ್ ಮೈಕೇಲ್ ಚರ್ಚು. ಎರಡನ್ನೂ ಮಾಡಿದವನು ನಾರ್ಮನ್ ಶಾ ಅನ್ನುವ ವಾಸ್ತುಶಿಲ್ಪಿ. ಈ ಹೆಸರು ನಾಳೆ ಮತ್ತೆ ಬರುತ್ತದೆ. ಜೊನಾಥನ್ ಕಾರ್ ಅನ್ನುವವನು 1875ರಲ್ಲಿ ಇಲ್ಲಿ ಬಡಾವಣೆ ಎಬ್ಬಿಸಲು ಶುರು ಮಾಡಿದ. ಮರ ಕಡಿಯದೆ, ಮರ ಇದ್ದ ಕಡೆ ರಸ್ತೆಯನ್ನೇ ಬಾಗಿಸಿ ಮನೆ ಕಟ್ಟಿಸಿದ. ಕೆಂಪು ಇಟ್ಟಿಗೆ, ಕೆಂಪು ಹೆಂಚು, ಬಿಳಿ ಮರದ ಬಾಲ್ಕನಿ, ಚೂಪು ಚೂಪಾದ ಮಾಡು. ಮಲೆನಾಡಿನ ಕಣ್ಣಿಗೆ ಹೆಂಚು ಹೊಸದಲ್ಲ. ಆದರೆ ಇಲ್ಲಿ ಹೆಂಚನ್ನು ಗೋಡೆಗೂ ತೊಡಿಸಿದ್ದಾರೆ. ಇಟ್ಟಿಗೆಯ ಮೇಲೆ ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು.

ಈ ಬಡಾವಣೆಯನ್ನು ಚೆಸ್ಟರ್‌ಟನ್ ಚೆನ್ನಾಗಿ ಆಡಿಕೊಳ್ಳುತ್ತಾನೆ. ಕಟ್ಟಿದವನು ಇದನ್ನು ಒಮ್ಮೆ ಎಲಿಜಬೆತ್ ರಾಣಿ ಕಾಲದ ಶೈಲಿ ಅನ್ನುತ್ತಿದ್ದ, ಇನ್ನೊಮ್ಮೆ ಆ್ಯನ್ ರಾಣಿ ಕಾಲದ್ದು ಅನ್ನುತ್ತಿದ್ದ, ಇಬ್ಬರೂ ಒಬ್ಬಳೇ ಅಂದುಕೊಂಡಿದ್ದ ಅಂತ ಕಾಣುತ್ತೆ ಅನ್ನುತ್ತಾನೆ. ಕಲಾವಿದರ ಊರು ಅಂತ ಹೆಸರು, ಕಲೆ ಮಾತ್ರ ಹುಟ್ಟಿದ್ದು ಕಾಣೆ ಅಂತಲೂ ಚುಚ್ಚುತ್ತಾನೆ. ಅದು ಪೂರ್ತಿ ನ್ಯಾಯ ಅಲ್ಲ. ಕವಿ ಯೇಟ್ಸ್ ಇದ್ದ ಮನೆ ಇಲ್ಲೇ ಬ್ಲೆನಿಮ್ ರೋಡಿನಲ್ಲಿದೆ. ಚರ್ಚಿನ ಪಕ್ಕ ಅವನ ನೆನಪಿಗೆ ನಿಲ್ಲಿಸಿದ ಚಿನ್ನದ ಬಣ್ಣದ ಎಲೆಗಳ ಸುರುಳಿ ಗಾಳಿಗೆ ತಿರುಚಿಕೊಂಡ ಹಾಗೆ ನಿಂತಿದೆ. ಚೆಸ್ಟರ್‌ಟನ್ ಕೂಡ ಇಲ್ಲಿಗೆ ಸುಮ್ನೆ ಬರುತ್ತಿರಲಿಲ್ಲ. ಫ್ರಾನ್ಸಿಸ್ ಬ್ಲಾಗ್ ಅನ್ನುವ ಹುಡುಗಿಯ ಮನೆ ಇಲ್ಲಿತ್ತು. 1901ರಲ್ಲಿ ಅವಳನ್ನೇ ಮದುವೆಯಾದ.

ಕಾದಂಬರಿಯ ಕೊನೆಯಲ್ಲಿ ಕೆಂಪು ಕೂದಲಿನ ಹುಡುಗಿಯೊಬ್ಬಳು ಬೆಳಗಿನ ಹೊತ್ತು ತೋಟದಲ್ಲಿ ಲೈಲಾಕ್ ಹೂ ಕೊಯ್ಯುತ್ತಿರುತ್ತಾಳೆ. ಲೈಲಾಕ್ ಹೇಗಿರುತ್ತೆ ಅಂತ ನಾನು ಕಂಡವನಲ್ಲ. ಒಂದು ಮನೆಯ ಬೇಲಿಯಿಂದ ನೀಲಿ ಹೂವಿನ ಪೊದೆ ರಸ್ತೆಗೆ ಬಗ್ಗಿತ್ತು. ಮೂಗು ಹತ್ತಿರ ಒಯ್ದು ಕಣ್ಣು ಮುಚ್ಚಿ ನಿಂತೆ. ಅಷ್ಟರಲ್ಲಿ ಒಳಗಿನಿಂದ ಕತ್ತರಿ ಹಿಡಿದ ವಯಸ್ಸಾದ ಹೆಂಗಸು ಬಂದರು. ಸ್ವಲ್ಪ ಗಾಬರಿಯಾಯಿತು. ಕತೆ ಹೇಳಿದೆ. ಅವರು ನಗುತ್ತಾ, “ಇದು ಸಿಯಾನೋಥಸ್. ಲೈಲಾಕ್ ಬೇಕಿದ್ದರೆ ಪಕ್ಕದ ಮನೆಗೆ ಹೋಗಿ” ಅಂದರು.

ಪಕ್ಕದ ಮನೆಯದು ತಿಳಿ ನೇರಳೆ ಗೊಂಚಲು. ಅದಕ್ಕೆ ವಾಸನೆ ಇತ್ತು. ದುಂಡುಮಲ್ಲಿಗೆಯ ಹತ್ತಿರದ್ದೇ, ಆದರೆ ಅಷ್ಟು ಮೈಮೇಲೆ ಬೀಳುವಂಥದ್ದಲ್ಲ. ಆ ಹೆಂಗಸು ಬೇಲಿಯ ಆ ಕಡೆಯಿಂದಲೇ ಹದಿನೈದು ನಿಮಿಷ ಮಾತಾಡಿದರು. 1960ರ ದಶಕದಲ್ಲಿ ಇಲ್ಲಿನ ಮನೆಗಳನ್ನು ಕೆಡವಲು ಶುರುವಾದಾಗ ಊರವರೇ ಸಂಘ ಕಟ್ಟಿದರು. 1967ರಲ್ಲಿ 350ಕ್ಕೂ ಹೆಚ್ಚು ಮನೆಗಳನ್ನು ಸಂರಕ್ಷಿತ ಕಟ್ಟಡ ಅಂತ ಪಟ್ಟಿಗೆ ಸೇರಿಸಿದರು. “ಈಗ ಒಂದು ಕಿಟಕಿ ಬದಲಾಯಿಸಬೇಕಿದ್ದರೂ ಅರ್ಜಿ ಹಾಕಬೇಕು. ಚಳಿಗಾಲದಲ್ಲಿ ಆ ಕಿಟಕಿಯಿಂದ ಗಾಳಿ ಹೇಗೆ ನುಗ್ಗುತ್ತೆ ಗೊತ್ತಾ?” ಅರಾಜಕತೆಯ ಕವಿ ಹುಟ್ಟಿದ ಬೀದಿಯಲ್ಲಿ ಕಿಟಕಿಗೂ ಅರ್ಜಿ. ಪುಸ್ತಕದ ಬಗ್ಗೆ ಕೇಳಿದೆ. ಓದಿದ್ದಾರಂತೆ. ಇಷ್ಟವಾಗಲಿಲ್ಲವಂತೆ. “ಕೊನೆಯಲ್ಲಿ ಏನಾಯಿತು ಅಂತಲೇ ಗೊತ್ತಾಗಲ್ಲ.” ಅದೂ ನಿಜವೇ.

ಮಧ್ಯಾಹ್ನ ನದಿ ಕಡೆ ಹೊರಟೆವು. ಕಾದಂಬರಿಯಲ್ಲಿ ಗ್ರೆಗರಿ ಸೈಮ್‌ನನ್ನು ಚಿಜಿಕ್ ದಂಡೆಯ ಒಂದು ಕೊಳಕು ಪಬ್ಬಿಗೆ ಕರೆದೊಯ್ಯುತ್ತಾನೆ. ಕೊಳಕು ಪಬ್ಬು ಅಂತ ಸೈಮ್ ತಮಾಷೆಗೆ ಲಾಬ್‌ಸ್ಟರ್ ಕೇಳಿದರೆ ಅದು ಬಂದೇಬಿಡುತ್ತದೆ, ಅದೂ ರುಚಿಯಾಗಿ. ಅದಾದ ಮೇಲೆ ಕೂತ ಮೇಜು ತಿರುಪಿನ ಹಾಗೆ ತಿರುಗುತ್ತಾ ನೆಲದೊಳಗೆ ಇಳಿಯುತ್ತದೆ. ಕೆಳಗೆ ಬಂದೂಕು, ಬಾಂಬು ಜೋಡಿಸಿಟ್ಟ ಕೋಣೆ.

ಸ್ಟ್ರ್ಯಾಂಡ್ ಆನ್ ದ ಗ್ರೀನ್ ಅನ್ನುವ ಜಾಗದಲ್ಲಿ ಥೇಮ್ಸ್ ಪಕ್ಕದಲ್ಲೇ ಕಾಲುದಾರಿ, ದಾರಿಗೆ ತಾಗಿ ಮನೆಗಳು. ಬಾಗಿಲುಗಳು ಕುಳ್ಳ, ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ಯಾಕಪ್ಪಾ ಹೀಗೆ ಅಂದುಕೊಳ್ಳುತ್ತಿದ್ದೆ. ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಮೂರೂವರೆ ಸುಮಾರಿಗೆ ನದಿ ಸದ್ದಿಲ್ಲದೆ ಏರಿ ದಾರಿಗೆ ಬಂತು. ಮೊದಲು ಕಲ್ಲಿನ ಸಂದಿಯಲ್ಲಿ ನೀರು ಕಂಡಿತು, ಆಮೇಲೆ ಬೂಟಿನ ಸುತ್ತ, ಆಮೇಲೆ ಕಾಲುಚೀಲದೊಳಗೆ. ಸಮುದ್ರದ ಉಬ್ಬರ ಇಷ್ಟು ಒಳಗೂ ಬರುತ್ತದೆ ಅಂತ ಓದಿದ್ದೆ, ಒದ್ದೆಯಾದ ಮೇಲೆ ಅರ್ಥವಾಯಿತು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ಹೋಗುವವರು ಉಬ್ಬರದ ವೇಳೆ ನೋಡಿಕೊಂಡು ಹೋಗಿ. ನಾಯಿ ಕರೆದುಕೊಂಡು ಬಂದಿದ್ದ ಒಬ್ಬಾತ ಗೋಡೆಯ ಮೇಲೆ ಆರಾಮಾಗಿ ಕೂತು, “ಒಂದು ಗಂಟೆ, ಹೋಗುತ್ತೆ” ಅಂದ. ಮಳೆಗಾಲದಲ್ಲಿ ತುಂಗೆ ತುಂಬಿದಾಗ ನಮ್ಮಲ್ಲೂ ಮಂಟಪ ಮುಳುಗಿತಾ ಅಂತ ನೋಡಲು ಜನ ಹೋಗುತ್ತಾರೆ. ಇಲ್ಲಿ ಅದು ತಿಂಗಳಿಗೆರಡು ಸಲ.

ಆ ಒಂದು ಗಂಟೆ ಪಬ್ಬೊಂದರಲ್ಲಿ ಕಳೆದೆವು. ನನಗೆ ಚಿಪ್ಸು, ಅವನಿಗೆ ಮೀನು. ಆರ್ಡರಿಗೆ ಹೆಸರು ಹೇಳಿ ಅಂದಳು ಹುಡುಗಿ. ನಾನು “ಜೋಸೆಫ್ ಚೇಂಬರ್ಲೇನ್” ಅಂದೆ. ಕಾದಂಬರಿಯಲ್ಲಿ ಒಳಗೆ ಬಿಡಲು ಹೇಳುವ ಗುಟ್ಟಿನ ಹೆಸರು ಅದು, ಆ ಕಾಲದ ದೊಡ್ಡ ರಾಜಕಾರಣಿಯದು. ಅವಳು ತಲೆ ಎತ್ತದೆ ‘ಜೋ’ ಅಂತ ಬರೆದುಕೊಂಡಳು. ನಮ್ಮ ಮೇಜು ನೆಲದೊಳಗೆ ಇಳಿಯಲಿಲ್ಲ, ಆದರೆ ಕೈಯಿಟ್ಟರೆ ಒಂದು ಕಡೆ ವಾಲುತ್ತಿತ್ತು. ಅವಳೇ ಬಂದು ಬಿಯರ್ ಲೋಟದ ಕೆಳಗಿಡುವ ರಟ್ಟನ್ನು ನಾಲ್ಕು ಮಡಿಕೆ ಮಾಡಿ, ಮೊಣಕಾಲೂರಿ, ಮೇಜಿನ ಕಾಲಿಗೆ ತುರುಕಿದಳು. ಅಲ್ಲಾಡಿಸಿ ನೋಡಿದಳು. ಇನ್ನೊಂದು ಮಡಿಕೆ ಹಾಕಿದಳು. “ಸರಿಹೋಯ್ತಾ ಜೋ?” ಅಂದಳು.

ಸೂರ್ಯಾಸ್ತಕ್ಕೆ ಮತ್ತೆ ಬೆಡ್‌ಫರ್ಡ್ ಪಾರ್ಕಿಗೆ ಬಂದೆವು. ಮೇ ತಿಂಗಳಲ್ಲಿ ಅದು ರಾತ್ರಿ ಎಂಟೂವರೆ. ಲಂಡನ್ನಿನ ಪಶ್ಚಿಮದಲ್ಲಿ ಮುಳುಗುವ ಸೂರ್ಯನ ಮೋಡದ ಹಾಗೆ ಕೆಂಪಾಗಿ, ಹರಕಲಾಗಿ ಕಾಣುವ ಊರು ಅಂತ ಪುಸ್ತಕದ ಮೊದಲ ಸಾಲು ಹೇಳುತ್ತದೆ. ಸುಳ್ಳಲ್ಲ. ಹತ್ತು ನಿಮಿಷ ಇಟ್ಟಿಗೆ ಯಾವುದು ಬೆಳಕು ಯಾವುದು ಗೊತ್ತಾಗಲಿಲ್ಲ. ಆಮೇಲೆ ಯಾರೋ ವರಾಂಡದ ದೀಪ ಹಾಕಿದರು. ಒದ್ದೆ ಕಾಲುಚೀಲ ಕಚ್ಚತೊಡಗಿತ್ತು.

ಶುಕ್ರವಾರ

ಬೆಳಗ್ಗಿನಿಂದ ಜಿಟಿಜಿಟಿ. ನಮ್ಮ ಆಷಾಢದ ಮಳೆಯ ಹಾಗೆ ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನಲ್ಲಿ, ಅಂದರೆ ಥೇಮ್ಸ್ ಬದಿಯ ದೊಡ್ಡ ರಸ್ತೆಯಲ್ಲಿ, ಕೊಡೆ ಹಿಡಿದು ನಡೆದೆವು. ಸೈಮ್ ಪೊಲೀಸ್ ಆಗುವುದು ಇಲ್ಲಿಯೇ. ನದಿ ನೋಡುತ್ತಾ ಅರಾಜಕರನ್ನು ಬೈದುಕೊಳ್ಳುತ್ತಿದ್ದವನಿಗೆ ಒಬ್ಬ ಪೇದೆ ಸಿಗುತ್ತಾನೆ. ಅವನು ಸಾಮಾನ್ಯ ಪೇದೆಯಲ್ಲ, ತತ್ವಜ್ಞಾನದ ವಿಭಾಗದವನು. ಕಳ್ಳರು ಎಷ್ಟೋ ವಾಸಿ, ಅವರಿಗೆ ಆಸ್ತಿಯ ಮೇಲೆ ಗೌರವ ಇದೆ, ಆಸ್ತಿ ತಮ್ಮದಾಗಲಿ ಅಂತಾರೆ ಅಷ್ಟೇ ಅಂತ ವಿವರಿಸುತ್ತಾನೆ. ಕೊನೆಗೆ ಸೈಮ್‌ನನ್ನು ಸ್ಕಾಟ್ಲೆಂಡ್ ಯಾರ್ಡಿನ ಒಂದು ಕತ್ತಲೆ ಕೋಣೆಗೆ ಕಳಿಸುತ್ತಾನೆ. ಬೆನ್ನು ಮಾಡಿ ಕೂತ ಯಾರೋ ಮುಖ ತೋರಿಸದೆಯೇ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ಸಾಯುವುದಕ್ಕೆ ಸಿದ್ಧನಿದ್ದರೆ ಸಾಕು, ಬೇರೆ ಅರ್ಹತೆ ಬೇಡ. ನಮ್ಮ ಕಾಲದ ಬ್ಯಾಂಕ್ ಪರೀಕ್ಷೆ ಇದಕ್ಕಿಂತ ಕಷ್ಟವಿತ್ತು.

ಆ ಕಾಲದ ಸ್ಕಾಟ್ಲೆಂಡ್ ಯಾರ್ಡ್ ಕಟ್ಟಡ ಈಗಲೂ ವೆಸ್ಟ್‌ಮಿನ್‌ಸ್ಟರ್ ಸೇತುವೆ ಹತ್ತಿರ ನಿಂತಿದೆ. ಕೆಂಪು ಇಟ್ಟಿಗೆ, ಮಧ್ಯೆ ಬಿಳಿ ಕಲ್ಲಿನ ಪಟ್ಟೆ, ಮೂಲೆಗೊಂದು ಗುಂಡನೆ ಗೋಪುರ. ನೋಡಿದ ತಕ್ಷಣ ನಿನ್ನೆಯ ಬೀದಿಯ ನೆಂಟ ಅನ್ನಿಸಿತು. ನೆಂಟನೇ. 1890ರಲ್ಲಿ ಇದನ್ನು ಕಟ್ಟಿದವನೂ ಅದೇ ನಾರ್ಮನ್ ಶಾ. ಅರಾಜಕ ಕವಿಯ ಬಡಾವಣೆಗೂ ಅವನನ್ನು ಹಿಡಿಯುವ ಪೊಲೀಸರ ಕಚೇರಿಗೂ ಒಂದೇ ಕೈ. ಚೆಸ್ಟರ್‌ಟನ್‌ಗೆ ಇದು ಹೊಳೆದಿತ್ತೋ ಇಲ್ಲವೋ, ನನಗಂತೂ ಇಡೀ ಪ್ರವಾಸದ ದುಡ್ಡು ಅಲ್ಲೇ ವಸೂಲಾಯಿತು. ಮಳೆಯಲ್ಲಿ ನಿಂತೇ ಅಕ್ಕನ ಮಗನಿಗೆ ವಿವರಿಸಿದೆ. “ಹೌದಾ ಮಾವ” ಅಂದ, ಹಸಿವಾದವರ ದನಿಯಲ್ಲಿ. ಇನ್ನೊಂದು ತಮಾಷೆ. ಈ ಪೊಲೀಸ್ ಕಚೇರಿ ಎದ್ದಿದ್ದು ಅರ್ಧಕ್ಕೆ ನಿಂತ ಒಂದು ಸಂಗೀತ ನಾಟಕ ಮಂದಿರದ ತಳಪಾಯದ ಮೇಲೆ. ಈಗ ಅದು ಪಾರ್ಲಿಮೆಂಟಿನವರ ಕಚೇರಿ. ಪೊಲೀಸರು 2016ರಲ್ಲಿ ಪಕ್ಕದ ಕಟ್ಟಡಕ್ಕೆ ಬಂದಿದ್ದಾರೆ. ಮುಂದೆ ತಿರುಗುವ ಬೋರ್ಡಿದೆ, ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಬೋರ್ಡು ತಿರುಗಿ ಹೆಸರು ಕಾಣುವಾಗ ಕ್ಲಿಕ್ಕಿಸಬೇಕು. ನಮ್ಮ ಮೊದಲ ಮೂರು ಫೋಟೋದಲ್ಲಿ ಬೋರ್ಡಿನ ಅಂಚು ಮಾತ್ರ ಬಂದಿದೆ.

ಪಾರ್ಲಿಮೆಂಟ್ ಚೌಕದಲ್ಲಿ ಗಾಂಧೀಜಿ ಶಾಲು ಹೊದ್ದು ಮಳೆಯಲ್ಲಿ ನಿಂತಿದ್ದರು. ಚೆಸ್ಟರ್‌ಟನ್‌ಗೂ ಅವರಿಗೂ ಒಂದು ಎಳೆ ಇದೆ. 1909ರ ಸೆಪ್ಟೆಂಬರ್ 18ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಚೆಸ್ಟರ್‌ಟನ್ ಭಾರತದ ರಾಷ್ಟ್ರೀಯತೆಯ ಬಗ್ಗೆ ಬರೆದ. ಅದು ಅಷ್ಟೊಂದು ಭಾರತದ್ದೂ ಅಲ್ಲ, ಅಷ್ಟೊಂದು ರಾಷ್ಟ್ರೀಯವೂ ಅಲ್ಲ ಅನ್ನುವುದು ಅವನ ದೂರು. ಆಗ ಲಂಡನ್ನಿನಲ್ಲಿದ್ದ ಗಾಂಧೀಜಿಗೆ ಅದು ನಾಟಿತು. ಆ ವರ್ಷದ ನವೆಂಬರಿನಲ್ಲೇ, ವಾಪಸ್ ಹೋಗುವ ಹಡಗಿನಲ್ಲಿ, ಅವರು ‘ಹಿಂದ್ ಸ್ವರಾಜ್’ ಬರೆದರು.

ಇಷ್ಟು ದೂರ ಬಂದು ಬಸವಣ್ಣನವರನ್ನು ನೋಡದೆ ಹೋದರೆ ಊರಲ್ಲಿ ಬಿಡುತ್ತಾರಾ? ಲ್ಯಾಂಬೆತ್ ಸೇತುವೆ ದಾಟಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ನದಿಗೆ ಮುಖ ಮಾಡಿದ ಪುಟ್ಟ ತೋಟದಲ್ಲಿ ಎದೆಮಟ್ಟದ ಪ್ರತಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲ್ ಓಡಾಡಿ ಮಾಡಿಸಿದ್ದು. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದರು. ನಾನು ಕೈ ಮುಗಿದು ತಿರುಗಿ ನೋಡಿದೆ. ಇದೇ ದಂಡೆಯಲ್ಲಿ ಸ್ವಲ್ಪ ಮುಂದೆ ಹಸಿರು ಗಾಜಿನ ಎಂಐ6 ಕಟ್ಟಡ, ಅಂದರೆ ಹೊರದೇಶದ ಬೇಹುಗಾರಿಕೆ. ಎದುರು ದಂಡೆಯಲ್ಲಿ ಎಂಐ5, ಒಳದೇಶದ್ದು. ಸುಳ್ಳು ಹೇಳಬೇಡ ಅಂದವರನ್ನು ತಂದು ಇಬ್ಬರು ಗೂಢಚಾರರ ಮಧ್ಯೆ ಕೂರಿಸಿದ್ದಾರೆ. ಅಲ್ಲೇ ಬೆಂಚಿನ ಮೇಲೆ ಕೊಡೆ ಅಡಿ ಕೂತು ಡಬ್ಬಿಯ ಚಿತ್ರಾನ್ನ ತಿಂದೆವು. ನಿಂಬೆಹುಳಿ ಸ್ವಲ್ಪ ಜಾಸ್ತಿ. ಮಳೆಗೆ ಹಿತವಾಗಿತ್ತು.

ಸಂಜೆ ಲೆಸ್ಟರ್ ಸ್ಕ್ವೇರ್. ಕಾದಂಬರಿಯಲ್ಲಿ ನನಗೆ ತುಂಬ ಇಷ್ಟವಾದ ದೃಶ್ಯ ಇಲ್ಲಿಯದು. ರಹಸ್ಯ ಮಂಡಳಿ ಸಭೆ ಸೇರುವುದು ನೆಲಮಾಳಿಗೆಯಲ್ಲಲ್ಲ, ಈ ಚೌಕಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ. ಹಾಡುಹಗಲು, ಬೆಳಗಿನ ತಿಂಡಿ ತಿನ್ನುತ್ತಾ, ರಾಜನನ್ನು ಕೊಲ್ಲುವ ಮಾತು ಗಟ್ಟಿಯಾಗಿ ಆಡುತ್ತಾರೆ. ಕೇಳಿದವರು ತಮಾಷೆ ಅಂತ ನಕ್ಕು ಹೋಗುತ್ತಾರೆ. ಅಡಗಿಕೊಳ್ಳದಿದ್ದರೆ ಯಾರೂ ಹುಡುಕುವುದಿಲ್ಲ ಅನ್ನುವುದು ಭಾನುವಾರನ ಉಪಾಯ. ಸೈಮ್ ತಲೆ ಎತ್ತಿ ನೋಡಿದಾಗ ಅವನಿಗೆ ಮೊದಲು ಕಾಣುವುದು ಒಂದು ಬೆನ್ನು. ಬಾಲ್ಕನಿಯನ್ನೇ ಮುಚ್ಚುವಷ್ಟು ಅಗಲದ ಬೆನ್ನು, ಅಧ್ಯಕ್ಷನದು.

ಸೈಮ್ ಕಂಡ ಅಲ್ಹಾಂಬ್ರಾ ನಾಟಕಶಾಲೆ ಈಗಿಲ್ಲ. 1936ರಲ್ಲಿ ಕೆಡವಿದರು, ಆ ಜಾಗದಲ್ಲಿ ಓಡಿಯನ್ ಚಿತ್ರಮಂದಿರ ಕಪ್ಪಗೆ ನಿಂತಿದೆ. ಮಧ್ಯದಲ್ಲಿ ಶೇಕ್ಸ್‌ಪಿಯರ್ ಹಳಬ, ಸುತ್ತ ಸಿನಿಮಾ ಪಾತ್ರಗಳ ಹೊಸ ಪ್ರತಿಮೆಗಳು. ಕಾಫಿ ತಂದು ಬೆಂಚಿನ ಮೇಲೆ ಕೂತೆವು. ಕಾಫಿಯ ಬಗ್ಗೆ ಏನೂ ಹೇಳಲ್ಲ. ಎದುರು ಬೆಂಚಿನಲ್ಲಿ ನಮಗೆ ಬೆನ್ನು ಹಾಕಿ ಭಾರೀ ಆಸಾಮಿಯೊಬ್ಬರು ಕೂತಿದ್ದರು. ಬೂದು ಕೋಟು, ಕೋಟಿನೊಳಗೆ ಕತ್ತೇ ಕಾಣದು.

“ನೋಡೋ, ಅಧ್ಯಕ್ಷರು ಬಂದಿದ್ದಾರೆ” ಅಂದೆ.

“ಮಾವ, ಮೆಲ್ಲಗೆ.”

“ಕನ್ನಡದಲ್ಲಿ ಹೇಳಿದ್ರೆ ಇಲ್ಲಿ ಯಾರಿಗೆ ಅರ್ಥ ಆಗುತ್ತೆ? ಇದೇ ನಮ್ಮ ಗುಪ್ತ ಭಾಷೆ. ಆ ಬೆನ್ನು ನೋಡು, ಭಾನುವಾರನೇ. ಇವತ್ತು ಯಾವ ರಾಜನ ಸರದಿಯೋ.”

ಬೆನ್ನು ನಿಧಾನಕ್ಕೆ ತಿರುಗಿತು. ಅಗಲ ಮುಖ, ಹಣೆಯಲ್ಲಿ ಸಣ್ಣಗೆ ವಿಭೂತಿ. “ಯಾವೂರ‍್ರೀ ನಿಮ್ದು?” ಅಂತ ಕೇಳಿದರು. “ಆಗಿಂದ ಕೇಳಾಕತ್ತೇನಿ, ಯಾರ‍್ರೀ ಅದು ಅಧ್ಯಕ್ಷರು?”

ಭೂಮಿ ಬಾಯಿ ಬಿಡಬಾರದಾ, ಆ ಪಬ್ಬಿನ ಮೇಜಿನ ಹಾಗೆ! ಹುಬ್ಬಳ್ಳಿಯವರು. ಮಗಳ ಪದವಿ ಪ್ರದಾನಕ್ಕೆ ಬಂದು ಹತ್ತು ದಿನವಾಗಿತ್ತು. ಕನ್ನಡ ಕಿವಿಗೆ ಬಿದ್ದು ಖುಷಿಯಾಗಿ ಸುಮ್ಮನೆ ಕೇಳುತ್ತಿದ್ದರಂತೆ. ನಾನು ಪುಸ್ತಕ ತೆಗೆದು ತೋರಿಸಿ ಕತೆ ಹೇಳಿದೆ, ಬೆನ್ನಿನ ವಿಷಯ ಬಿಟ್ಟು. ಅವರು ಬಿಡಲಿಲ್ಲ. “ಅಂದ್ರ ಆ ಅಧ್ಯಕ್ಷ ದಪ್ಪ ಇದ್ದ ಏನ್ರೀ?” ಅಂತ ಕೇಳಿ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಕೈಚೀಲದಿಂದ ಪೇಪರಿನಲ್ಲಿ ಸುತ್ತಿದ್ದ ಎರಡು ಧಾರವಾಡ ಪೇಡಾ ಕೊಟ್ಟರು. ಈ ಕಾದಂಬರಿಯಲ್ಲಿ ಒಂದು ಸಲ ವೇಷ ಕಳಚುವುದು ಶುರುವಾದರೆ ಆಮೇಲೆ ನಿಲ್ಲುವುದೇ ಇಲ್ಲ. ಓದಿದವರಿಗೆ ನನ್ನ ಪಾಡು ಗೊತ್ತಾಗುತ್ತದೆ.

ಶನಿವಾರ

ಅಕ್ಕನ ಮಗ ಕೈ ಎತ್ತಿದ. ಅವನ ಒಂಬತ್ತು ವರ್ಷದ ಮಗಳು ಬರುತ್ತೀನಿ ಅಂದಳು. ಆನೆ ಇರೋ ಕತೆ ಅಂತ ನಾನೇ ಆಸೆ ಹುಟ್ಟಿಸಿದ್ದೆ. ಕಾದಂಬರಿಯ ಕೊನೆ ಭಾಗದಲ್ಲಿ ಭಾನುವಾರ ಓಡುತ್ತಾನೆ. ಬಾಲ್ಕನಿಯಿಂದ ಚೆಂಡಿನ ಹಾಗೆ ಪುಟಿದು ಕುದುರೆಗಾಡಿ ಹತ್ತುತ್ತಾನೆ, ಅಲ್ಲಿಂದ ಬೆಂಕಿ ಆರಿಸುವ ಗಾಡಿಗೆ ಹಾರುತ್ತಾನೆ, ಮೃಗಾಲಯಕ್ಕೆ ನುಗ್ಗಿ ಆನೆ ಏರಿ ಲಂಡನ್ ಬೀದಿಗಳಲ್ಲಿ ಓಡಿಸುತ್ತಾನೆ. ಮಧ್ಯೆ ಮಧ್ಯೆ ಹಿಂದೆ ಬರುವವರ ಮುಖಕ್ಕೆ ಅರ್ಥವಿಲ್ಲದ ಚೀಟಿ ಎಸೆಯುತ್ತಾನೆ.

ರೀಜೆಂಟ್ಸ್ ಪಾರ್ಕಿನ ಮೃಗಾಲಯ 1828ರದ್ದು. ಟಿಕೆಟ್ಟು ದುಬಾರಿ. ಒಳಗೆ ಹೋಗಿ, ಸಿಂಹ, ಗೊರಿಲ್ಲಾ ಎಲ್ಲ ಮುಗಿಸಿ, “ತಾತ, ಆನೆ?” ಅಂದಳು. ಕೆಲಸದ ಹುಡುಗನೊಬ್ಬನನ್ನು ಕೇಳಿದೆ. ಆನೆಗಳನ್ನು 2001ರಲ್ಲೇ ವಿಪ್‌ಸ್ನೇಡ್ ಮೃಗಾಲಯಕ್ಕೆ ಕಳಿಸಿದ್ದಾರೆ, ಅಲ್ಲಿ ಬಯಲು ಜಾಸ್ತಿ ಅಂದ. ಇದನ್ನು ನಾನು ಮೊದಲೇ ನೋಡಿಕೊಳ್ಳಬೇಕಿತ್ತು. ಆನೆ ಮನೆ ಮಾತ್ರ ಉಳಿದಿದೆ. 1965ರಲ್ಲಿ ವಾಸ್ತುಶಿಲ್ಪಿ ಹ್ಯೂ ಕ್ಯಾಸನ್ ಮಾಡಿದ್ದು. ಕಾಂಕ್ರೀಟ್ ಗೋಡೆಯನ್ನು ಬೇಕೆಂದೇ ಒರಟು ಒರಟಾಗಿ ಉಳಿಸಿದ್ದಾರೆ. ಅವಳು ಕೈಯಾಡಿಸಿ, “ಇದೇ ಆನೆ ಥರ ಇದೆ” ಅಂದಳು. ನಿಜ, ಸಕ್ರೆಬೈಲಿನ ಬಿಡಾರದಲ್ಲಿ ಬೆಳಗ್ಗೆ ತುಂಗೆಯ ಹಿನ್ನೀರಿನಲ್ಲಿ ಮಲಗಿದ ಆನೆಯ ಬೆನ್ನು ಉಜ್ಜಿದರೆ ಕೈಗೆ ಹೀಗೇ ತರಿತರಿ. ಚೆಸ್ಟರ್‌ಟನ್ ಆನೆ ಉಜ್ಜಿರಲಿಕ್ಕಿಲ್ಲ. ಅವನ ಆನೆ ಬೀದಿಯಲ್ಲಿ ಅಂಗಡಿ ಮುಂಗಟ್ಟಿಗೆ ಏನೂ ಮಾಡದೆ ಬರೀ ಓಡುತ್ತದೆ. ಕಬ್ಬಿನ ಗಾಡಿ ಸಿಕ್ಕಿದರೆ ನಮ್ಮದು ಅಲ್ಲೇ ನಿಲ್ಲುತ್ತದೆ, ಅಧ್ಯಕ್ಷನಿರಲಿ ಯಾರಿರಲಿ.

ಆನೆಯಿಂದ ಇಳಿದು ಭಾನುವಾರ ಅರ್ಲ್ಸ್ ಕೋರ್ಟಿನಲ್ಲಿ ಬಲೂನು ಹತ್ತಿ ಹಾರಿಹೋಗುತ್ತಾನೆ. ನಾವು ಬೇಕರ್ ಸ್ಟ್ರೀಟಿಗೆ ನಡೆದು, ಗ್ರೆಗರಿಯನ್ನು ನೆನೆದು, 74ನೇ ನಂಬರಿನ ಬಸ್ಸಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದೆವು. ಅರ್ಲ್ಸ್ ಕೋರ್ಟಿನ ವಸ್ತುಪ್ರದರ್ಶನ ಕಟ್ಟಡ ಕೆಡವಿ ಎಷ್ಟೋ ವರ್ಷವಾಯಿತು. ಬೇಲಿ, ಖಾಲಿ ಜಾಗ. ಮಗು ನಿದ್ದೆಗೆ ಬಿದ್ದಳು.

ಭಾನುವಾರ

ಒಬ್ಬನೇ ಹೊರಟೆ. ಮ್ಯಾರಿಲಿಬೋನ್ ಸ್ಟೇಷನ್ನಿನಿಂದ ಬೀಕನ್ಸ್‌ಫೀಲ್ಡ್. ಭಾನುವಾರ ರೈಲು ಹಳಿಗಳ ರಿಪೇರಿ ಇರುವುದುಂಟು, ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಬೇಕು. ನನ್ನ ಅದೃಷ್ಟ, ಇರಲಿಲ್ಲ. ಮಳೆ ಬಿಟ್ಟು ಎಳೆ ಬಿಸಿಲು ಬಂದಿತ್ತು.

ಚೆಸ್ಟರ್‌ಟನ್ ದಂಪತಿ 1909ರಲ್ಲಿ ಈ ಊರಿಗೆ ಬಂದರು, ಕೊನೆವರೆಗೂ ಇಲ್ಲೇ ಇದ್ದರು. ಮನೆ ಈಗ ಖಾಸಗಿ, ಹೊರಗಿನಿಂದ ನೋಡಿ ಮುಂದೆ ನಡೆದೆ. ಶೆಪರ್ಡ್ಸ್ ಲೇನಿನ ಸ್ಮಶಾನ ಸಣ್ಣದು. ಶಿಲ್ಪಿ ಎರಿಕ್ ಗಿಲ್ ವಿನ್ಯಾಸದ ಕಲ್ಲು ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. 1936ರ ಜೂನ್ 14ರಂದು ಚೆಸ್ಟರ್‌ಟನ್ ತೀರಿಕೊಂಡ. ಅದರ ಹಿಂದಿನ ದಿನದ ಪತ್ರಿಕೆಯಲ್ಲಿ ಈ ಕಾದಂಬರಿಯ ಬಗ್ಗೆಯೇ ಬರೆದಿದ್ದಾನೆ. ‘ಒಂದು ದುಃಸ್ವಪ್ನ’ ಅನ್ನುವ ಉಪಶೀರ್ಷಿಕೆಯನ್ನು ಯಾರೂ ಓದುವುದಿಲ್ಲ, ಭಾನುವಾರ ಅಂದರೆ ಯಾರು ಅಂತ ಮಾತ್ರ ಕೇಳುತ್ತಾರೆ ಅನ್ನುವ ಧಾಟಿಯಲ್ಲಿ. ನಾನೂ ಮೊದಲ ಸಲ ಅದನ್ನು ಓದದೇ ಹಾರಿಸಿದವನೇ.

ಚೆಸ್ಟರ್‌ಟನ್ ತಾನೇ ಆರಡಿ ನಾಲ್ಕಂಗುಲ, ನೂರಮೂವತ್ತು ಕಿಲೋ ಹತ್ತಿರದ ಮನುಷ್ಯ. ಮರೆವು ಅಂದರೆ ಮರೆವು. ಉಪನ್ಯಾಸಕ್ಕೆ ಹೊರಟವನು ಒಮ್ಮೆ ಹೆಂಡತಿಗೆ ತಂತಿ ಕಳಿಸಿದ, ‘ಮಾರ್ಕೆಟ್ ಹಾರ್ಬರೋದಲ್ಲಿದ್ದೇನೆ, ನಾನು ಎಲ್ಲಿರಬೇಕು?’ ಅಂತ. ಬೆಡ್‌ಫರ್ಡ್ ಪಾರ್ಕಿನ ಆ ಫ್ರಾನ್ಸಿಸ್, ‘ಮನೆಯಲ್ಲಿ’ ಅಂತ ಉತ್ತರ ಕೊಟ್ಟಳು. ವೇಳಾಪಟ್ಟಿಯೇ ಕಾವ್ಯ ಅಂತ ಬರೆದವನ ಹಣೆಬರಹ ಇದು. 1938ರಲ್ಲಿ ಅವಳೂ ಹೋದಳು. ಇಬ್ಬರ ಹೆಸರೂ ಒಂದೇ ಕಲ್ಲಿನಲ್ಲಿದೆ.

ರೈಲಿಗೆ ಇನ್ನೂ ಹೊತ್ತಿತ್ತು. ಹತ್ತಿರದಲ್ಲೇ ಬೆಕಾನ್‌ಸ್ಕಾಟ್ ಅನ್ನುವ ಪುಟಾಣಿ ಊರಿದೆ, 1929ರಿಂದ ಇದೆ. ಮಂಡಿಯೆತ್ತರದ ಮನೆ, ಅಂಗಡಿ, ಬಂದರು, ಕ್ರಿಕೆಟ್ ಮೈದಾನ. ಮಕ್ಕಳ ಜಾಗ ಅಂತ ಸಂಕೋಚದಿಂದಲೇ ಒಳಗೆ ಹೋದೆ. ಪುಟ್ಟ ರೈಲುಗಳು ಸುರಂಗ ದಾಟಿ, ಸೇತುವೆ ದಾಟಿ, ಹೆಬ್ಬೆಟ್ಟಿನುದ್ದದ ಜನ ಕಾಯುವ ಸ್ಟೇಷನ್ನಿಗೆ ಬಂದು ನಿಲ್ಲುತ್ತಿದ್ದವು. ಒಂದೂ ತಪ್ಪುತ್ತಿರಲಿಲ್ಲ. ಅಷ್ಟರಲ್ಲಿ ಚರ್ಚಿನ ಗೋಪುರದ ಹಿಂದಿನಿಂದ ಒಂದು ಮುಖ ಎದ್ದಿತು. ಚಂದ್ರ ಹುಟ್ಟಿದ ಹಾಗೆ, ಗೋಪುರಕ್ಕಿಂತ ಅಗಲ, ಬಿಳಿ ಗಡ್ಡ. ಒಂದು ಕ್ಷಣ ಎದೆ ಝಲ್ ಅಂದಿತು. ಆ ಮುಖ ಇನ್ನೂ ದೊಡ್ಡದಾಗುತ್ತಾ ಹೋದರೆ ಏನು ಗತಿ ಅಂತ ಸೈಮ್‌ಗೆ ಪುಸ್ತಕದುದ್ದಕ್ಕೂ ಇರುವ ಹೆದರಿಕೆ ಇದೇ. ತೋಟದ ಕೆಲಸದವರು, ಮೊಣಕಾಲೂರಿ ಗೇಣುದ್ದದ ಮರಕ್ಕೆ ಕ್ಷೌರ ಮಾಡುತ್ತಿದ್ದರು. ನನ್ನ ಮುಖ ನೋಡಿ, “ಹೆದರಿಸಿದೆನಾ?” ಅಂದರು. ಉಗುರಿನಷ್ಟು ಎಲೆಗಳನ್ನು ಚರ್ಚಿನ ಮಾಡಿನಿಂದ ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡರು.

ಕಾದಂಬರಿಯ ಕೊನೆಯಲ್ಲಿ ಭಾನುವಾರನನ್ನು ಬಿಟ್ಟು ಮಂಡಳಿಯ ಉಳಿದ ಆರು ಜನಕ್ಕೆ ಬೈಬಲ್ಲಿನ ಸೃಷ್ಟಿಯ ದಿನಗಳ ಉಡುಪು ತೊಡಿಸುತ್ತಾರೆ. ನಾಲ್ಕನೇ ದಿನ ಸೂರ್ಯ ಚಂದ್ರ ಹುಟ್ಟಿದ್ದರಿಂದ ಗುರುವಾರದವನ ನೀಲಿ ಬಟ್ಟೆಯ ಮೇಲೆ ದೊಡ್ಡ ಚಿನ್ನದ ಸೂರ್ಯ. ನಮ್ಮ ಲೆಕ್ಕದಲ್ಲಿ ಸೂರ್ಯ ಭಾನುವಾರದ ಸ್ವತ್ತು. ಎಷ್ಟು ಸಲ ಓದಿದರೂ ಆ ಪುಟದಲ್ಲಿ ನನಗೆ ವಾರ ತಪ್ಪುತ್ತದೆ.

ಪ್ಲಾಟ್‌ಫಾರಂ ಬೆಂಚಿನಲ್ಲಿ ಊರುಗೋಲಿನ ಮುದುಕರೊಬ್ಬರು ಕೂತಿದ್ದರು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, “ಇವರು ನಮ್ಮೂರಿನವರು. ನಾನು ಇಲ್ಲಿಗೆ ಬಂದು ಐವತ್ತು ವರ್ಷ, ಒಂದನ್ನೂ ಓದಿಲ್ಲ” ಅಂದರು. ಕತೆ ಕೇಳಿದರು. ಮಂಡಳಿ, ವಾರದ ಹೆಸರು, ಬಾಲ್ಕನಿ, ಆನೆ ಎಲ್ಲ ಹೇಳಿದೆ. ಊರುಗೋಲಿನ ಮೇಲೆ ಗಲ್ಲ ಊರಿ ಕೇಳಿಸಿಕೊಂಡರು.

“ಹಾಗಾದರೆ ಆ ಭಾನುವಾರ ಯಾರು?”

ಹೇಳಲೋ ಬೇಡವೋ ಅಂತ ನೋಡುತ್ತಿದ್ದೆ. ಪುಸ್ತಕವನ್ನೇ ಅವರ ಕೈಗೆ ಕೊಟ್ಟೆ. ಅವೆನ್ಯೂ ರಸ್ತೆಯ ಅಂಗಡಿಯವನು ಪೆನ್ಸಿಲಿನಲ್ಲಿ ಬರೆದ ಬೆಲೆ ಒಳಪುಟದಲ್ಲಿ ಹಾಗೇ ಇತ್ತು. ಮೂವತ್ತು ರೂಪಾಯಿ. “ಇದು ಯಾವ ದುಡ್ಡು?” ಅಂತ ಕೇಳಿದರು.

ರೈಲು ಬಂತು. ಬೋರ್ಡು ಎರಡು ಸಲ ಓದಿ ಹತ್ತಿದೆ.